ಬಸುರಿನಲ್ಲಿ ಏದುಸಿರು, ರಕ್ತಸ್ರಾವ: ಯಾವುದು ಮಾಮೂಲಿ, ಯಾವುದಕ್ಕೆ ತಕ್ಷಣ ಓಡಬೇಕು?

ಇಬ್ಬನಿ:
ನನ್ನ ತಂಗಿಗೆ ಈಗ 29 ವಾರ. ಸ್ವಲ್ಪ ದಿನದಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ. ನಡೆಯುತ್ತಾ ಮಾತಾಡಿದರೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಯಾರನ್ನು ಕೇಳಿದರೂ "ಬಸುರಿನಲ್ಲಿ ಇದೆಲ್ಲ ಮಾಮೂಲಿ" ಅನ್ನುತ್ತಾರೆ. ಇದರ ಜೊತೆಗೆ 20 ವಾರದ ಸ್ಕ್ಯಾನ್‌ನಲ್ಲಿ ಪ್ಲಾಸೆಂಟಾ (ಮಾಸು) ಗರ್ಭಕೋಶದಲ್ಲಿ ಕೆಳಗಿದೆ ಎಂದು ಬರೆದಿದ್ದಾರೆ.

ಇತ್ತೀಚೆಗೆ ಪರಿಚಯದ ಒಬ್ಬರಿಗೆ ಏಳನೇ ತಿಂಗಳಲ್ಲಿ ಎದೆಯೊಳಗೆ ರಕ್ತ ತುಂಬಿ ಐಸಿಯುಗೆ ಸೇರಿಸಿದರು. ಅವರಿಗೂ ಮೊದಲು ಬಂದದ್ದು ಏದುಸಿರೇ. ಅದನ್ನು ಕೇಳಿದ ಮೇಲೆ ನನಗೆ ಸಮಾಧಾನವಿಲ್ಲ. ಚೆಕಪ್‌ಗೆ ತಪ್ಪದೆ ಹೋಗುತ್ತಿದ್ದೇವೆ, ಆ ಬಗ್ಗೆ ಚಿಂತೆಯಿಲ್ಲ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ? ಬೆಳಗಿನ ತನಕ ಕಾಯಬಹುದಾದ್ದು ಯಾವುದು, ಕಾಯಬಾರದ್ದು ಯಾವುದು? ಗೊತ್ತಿರುವವರು ಬಿಡಿಸಿ ಹೇಳಿ.

ಮುಂಗಾರು:
ಎರಡು ಬಸುರಿನಲ್ಲೂ ನನಗೆ ಹೀಗೇ ಆಗಿತ್ತು. ಮಗು ಮೇಲಕ್ಕೆ ಒತ್ತುತ್ತದೆ, ಉಸಿರು ಸಾಲುವುದಿಲ್ಲ. ಅಷ್ಟೇ. ಅಪರೂಪದ ಕಾಯಿಲೆಗಳನ್ನೆಲ್ಲ ಓದಿ ತಂಗಿಯನ್ನು ಸುಮ್ನೆ ಹೆದರಿಸಬೇಡಿ.

ಹೆರಿಗೆವಾರ್ಡ್:
ಮುಂಗಾರು ಹೇಳಿದ್ದು ಬಹಳ ಜನರ ಮಟ್ಟಿಗೆ ನಿಜ. ನೂರರಲ್ಲಿ 60–70 ಗರ್ಭಿಣಿಯರಿಗೆ ಯಾವಾಗಲಾದರೂ ಏದುಸಿರು ಬಂದೇ ಬರುತ್ತದೆ. ಆದರೆ ಕಾರಣ ಮಗು ಒತ್ತುವುದು ಮಾತ್ರ ಅಲ್ಲ. ಹೊಟ್ಟೆ ಕಾಣುವ ಮುಂಚೆಯೇ ಶುರುವಾಗಬಹುದು. ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿಯಾಗಿ ಉಸಿರನ್ನು ಆಳ ಮಾಡುತ್ತದೆ. ನಿಮಿಷಕ್ಕೆ ಒಳಗೆ ಹೋಗುವ ಗಾಳಿ 30ರಿಂದ 50 ಪರ್ಸೆಂಟ್ ಹೆಚ್ಚುತ್ತದೆ.

ಉಸಿರು ಆಳವಾಗುತ್ತದೆ, ಆದರೆ ಅದರ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಕೂತು ಸುಧಾರಿಸಿಕೊಂಡ ಮೇಲೂ ನಿಮಿಷಕ್ಕೆ 24ಕ್ಕಿಂತ ಜಾಸ್ತಿ ಸಲ ಉಸಿರಾಡುತ್ತಿದ್ದರೆ ಅದನ್ನು ಬಸುರಿನ ಲೆಕ್ಕಕ್ಕೆ ಹಾಕಬಾರದು. ಎಷ್ಟೋ ವಾರ್ಡ್‌ಗಳಲ್ಲಿ ಬಿಪಿ ನೋಡುತ್ತಾರೆ, ನಾಡಿ ನೋಡುತ್ತಾರೆ, ಉಸಿರು ಎಣಿಸುವುದನ್ನು ಬಿಟ್ಟುಬಿಡುತ್ತಾರೆ. ನನಗೆ ಇದರ ಬಗ್ಗೆ ತುಂಬ ಸಿಟ್ಟಿದೆ. ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿದರೆ ಆಯಿತು, ಯಾವ ಯಂತ್ರವೂ ಬೇಡ.

ಮಾಮೂಲಿ ಏದುಸಿರು ನಿಧಾನಕ್ಕೆ ಬರುತ್ತದೆ, ಕೂತರೆ ಇಳಿಯುತ್ತದೆ. ಇದ್ದಕ್ಕಿದ್ದಂತೆ ಶುರುವಾದದ್ದು, ಒಂದು ವಾಕ್ಯ ಪೂರ್ತಿ ಹೇಳಲು ಬಿಡದ್ದು, ಮಲಗಿದರೆ ಉಸಿರುಕಟ್ಟಿ ಎದ್ದು ಕೂರಿಸುವಂಥದ್ದು, ಎದೆನೋವು ಜೊತೆಗಿರುವಂಥದ್ದು, ಇವು ಮಾಮೂಲಿ ಅಲ್ಲ. ಕೆಮ್ಮಿದರೆ ರಕ್ತ ಬಂದರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ತುಟಿ ನೀಲಿಯಾದರೆ ಗಂಟೆ ಎಷ್ಟಾದರೂ ಹೊರಡಿ.

ಇಬ್ಬನಿ, ಒಂದೇ ದಿಂಬಿಟ್ಟು ಮಗ್ಗುಲಾಗಿ ಮಲಗಿದರೆ ತಂಗಿಗೆ ನಿದ್ದೆ ಬರುತ್ತಾ? ಒಂದೇ ಕಾಲು ಊದಿದೆಯಾ? ಹಿಮೋಗ್ಲೋಬಿನ್ ಎಷ್ಟು?

ಕುತೂಹಲಿ:
ಸಿಸ್ಟರ್, ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ಎಷ್ಟು ತೋರಿಸಬೇಕು?

ಹೆರಿಗೆವಾರ್ಡ್:
95 ಅಥವಾ ಮೇಲೆ. 95ಕ್ಕಿಂತ ಕೆಳಗೆ ನಿಂತರೆ ಫೋನ್ ಮಾಡಿ ಹೊರಡಿ. ಆದರೆ 98 ತೋರಿಸಿತು ಎಂದು ಎದೆನೋವನ್ನು ಕಡೆಗಣಿಸಬೇಡಿ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಎಷ್ಟೋ ಸಲ ನಂಬರ್ ಚೆನ್ನಾಗೇ ಇರುತ್ತದೆ. ಉಗುರುಬಣ್ಣ, ತಣ್ಣಗಿರುವ ಬೆರಳು ತಪ್ಪು ತೋರಿಸುತ್ತವೆ. ಮೈಬಣ್ಣ ಕಪ್ಪಗಿದ್ದವರಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದೂ ಉಂಟು.

ಇಬ್ಬನಿ:
ಥ್ಯಾಂಕ್ಸ್ ಸಿಸ್ಟರ್. ಈಗಷ್ಟೇ ಎಣಿಸಿದೆ, ನಿಮಿಷಕ್ಕೆ 18. ಮಲಗಿದರೆ ತೊಂದರೆ ಇಲ್ಲ, ಕಾಲು ಎರಡೂ ಸಮ ಇವೆ. ಹಿಮೋಗ್ಲೋಬಿನ್ ಮಾತ್ರ 9.1 ಅಂತ ರಿಪೋರ್ಟ್‌ನಲ್ಲಿದೆ.

ಹೆರಿಗೆವಾರ್ಡ್:
ಅಲ್ಲೇ ಒಂದು ಕಾರಣ ಸಿಕ್ಕಿತು. ರಕ್ತ ಕಡಿಮೆ ಇದ್ದರೆ ಏದುಸಿರು ಸಹಜ. ಪ್ಲಾಸೆಂಟಾ ಬೇರೆ ಕೆಳಗಿದೆ ಅಂದಿರಿ. ಮುಂದೆ ರಕ್ತಸ್ರಾವ ಆದರೆ ತಡೆದುಕೊಳ್ಳಲು ಮೈಯಲ್ಲಿ ರಕ್ತ ಇರಬೇಕು. ಮುಂದಿನ ಚೆಕಪ್ ತನಕ ಬಿಡಬೇಡಿ, ಈ ವಾರವೇ ತೋರಿಸಿ. ಮಾತ್ರೆ ಸಾಕಾ, ಕಬ್ಬಿಣದ ಡ್ರಿಪ್ ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ.

ಸ್ಕ್ಯಾನ್‌ಕೋಣೆ:
ಪ್ಲಾಸೆಂಟಾ ಕೆಳಗಿರುವ ಬಗ್ಗೆ ನಾನು ಹೇಳುತ್ತೇನೆ, ದಿನಾ ನೋಡುವ ಕೆಲಸ. 20 ವಾರದಲ್ಲಿ ಕೆಳಗೆ ಕಂಡದ್ದರಲ್ಲಿ ಹತ್ತಕ್ಕೆ ಒಂಬತ್ತು ಹೆರಿಗೆಯ ಹೊತ್ತಿಗೆ ಮೇಲೆ ಹೋಗಿರುತ್ತದೆ. ಗರ್ಭಕೋಶದ ಕೆಳಭಾಗ ಬೆಳೆದು ಉದ್ದವಾದಂತೆ ಅದು ಬಾಯಿಯಿಂದ ದೂರ ಸರಿಯುತ್ತದೆ. 32 ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿ. ಆಗಲೂ ಕೆಳಗಿದ್ದರೆ 36ರ ಹತ್ತಿರ ಇನ್ನೊಂದು.

ಎರಡು ಪ್ರಶ್ನೆ ಮಾತ್ರ ತಪ್ಪದೆ ಕೇಳಿ. ಮೊದಲನೆಯದು, ಹಿಂದೆ ಸಿಸೇರಿಯನ್ ಆಗಿದೆಯಾ? ಹಳೇ ಹೊಲಿಗೆಯ ಜಾಗದ ಮೇಲೆ ಪ್ಲಾಸೆಂಟಾ ಕೂತರೆ ಅದು ಒಳಗೆ ಬೇರು ಬಿಡಬಹುದು, ಹೆರಿಗೆಯಾದ ಮೇಲೆ ಬಿಟ್ಟುಬರುವುದಿಲ್ಲ. ಇದಕ್ಕೆ ಅಕ್ರೀಟಾ ಅನ್ನುತ್ತಾರೆ. ಪ್ಲಾಸೆಂಟಾ ಗರ್ಭಕೋಶದ ಬಾಯಿ ಮುಚ್ಚಿದ್ದು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಅಕ್ರೀಟಾ ಆಗುವ ಸಂಭವ ಸುಮಾರು 11 ಪರ್ಸೆಂಟ್. ಹಿಂದೆ ಎರಡಾಗಿದ್ದರೆ 40 ಪರ್ಸೆಂಟ್. ಅಂಥ ಹೆರಿಗೆ ರಕ್ತನಿಧಿ, ಐಸಿಯು, ಅನುಭವಿ ಸರ್ಜನ್ ಎಲ್ಲ ಇರುವ ಕಡೆ, ದಿನ ಗೊತ್ತುಮಾಡಿಕೊಂಡೇ ಆಗಬೇಕು.

ಎರಡನೆಯದು ವಾಸಾ ಪ್ರೀವಿಯಾ. ಮಗುವಿನ ರಕ್ತನಾಳಗಳು ಹೊಕ್ಕುಳಬಳ್ಳಿಯ ರಕ್ಷಣೆಯಿಲ್ಲದೆ ಗರ್ಭಕೋಶದ ಬಾಯಿಯ ಮೇಲೆ ಹಾದುಹೋಗಿರುತ್ತವೆ. ಸುಮಾರು 2,500 ಬಸುರಿಗೆ ಒಂದು. ನೀರು ಒಡೆದಾಗ ನಾಳ ಹರಿದರೆ ಹೋಗುವುದು ತಾಯಿಯ ರಕ್ತವಲ್ಲ, ಮಗುವಿನದು. ತಿಂಗಳು ತುಂಬಿದ ಮಗುವಿನ ಮೈಯಲ್ಲಿರುವುದೇ 250–300 ಮಿಲಿ ರಕ್ತ. ನಿಮಿಷಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಮೊದಲೇ ಗೊತ್ತಿದ್ದು, ನೀರು ಒಡೆಯುವ ಮುಂಚೆಯೇ ಸಿಸೇರಿಯನ್ ಮಾಡಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಉಳಿಯುತ್ತವೆ. ಕಂಡುಹಿಡಿಯಲು ಬೇಕಾದ್ದು ಯೋನಿಯ ಮೂಲಕ ಮಾಡುವ, ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಸ್ಕ್ಯಾನ್. ಪ್ಲಾಸೆಂಟಾ ಮೇಲೆ ಹೋದರೂ ಈ ನಾಳಗಳು ಅಲ್ಲೇ ಉಳಿದಿರಬಹುದು. ಹಾಗಾಗಿ "ಬಾಯಿಯ ಮೇಲೆ ನಾಳ ಇದೆಯಾ ನೋಡಿದಿರಾ" ಎಂದು ಕೇಳಲು ಸಂಕೋಚಪಡಬೇಡಿ.

ತಿಳಿನೀರು:
ನೋವಿಲ್ಲದೆ ಸ್ವಲ್ಪ ರಕ್ತ ಕಂಡರೆ ಭಯ ಬೇಡ, ನೋವಿದ್ದರೆ ಮಾತ್ರ ಓಡಬೇಕು. ನಮ್ಮಮ್ಮ ಹಾಗೇ ಹೇಳುತ್ತಿದ್ದರು.

ಸ್ಕ್ಯಾನ್‌ಕೋಣೆ:
ದಯವಿಟ್ಟು ಈ ಮಾತನ್ನು ಹರಡಬೇಡಿ. ಪ್ಲಾಸೆಂಟಾ ಕೆಳಗಿದ್ದರೆ ಬರುವ ರಕ್ತಕ್ಕೆ ನೋವೇ ಇರುವುದಿಲ್ಲ. ಕೆಂಪಗೆ ಹರಿಯುತ್ತದೆ, ನಿಲ್ಲುತ್ತದೆ, ಮತ್ತೆ ಇನ್ನೂ ಜಾಸ್ತಿಯಾಗಿ ಬರುತ್ತದೆ.

ಹೆರಿಗೆವಾರ್ಡ್:
ಅದರ ಜೊತೆಗೆ: ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ಬಿಡದೆ ನೋಯುತ್ತಿದ್ದರೆ ಪ್ಲಾಸೆಂಟಾ ಅವಧಿಗೆ ಮುಂಚೆ ಕಳಚಿಕೊಂಡಿರಬಹುದು. ಆಗ ರಕ್ತ ಒಳಗೇ ನಿಂತು ಹೊರಗೆ ಒಂದು ಹನಿಯೂ ಕಾಣದಿರಬಹುದು. ಬಿಪಿ ಜಾಸ್ತಿ ಇದ್ದವರು, ಸಿಗರೇಟು ಸೇದುವವರು, ಹೊಟ್ಟೆಗೆ ಪೆಟ್ಟುಬಿದ್ದವರಲ್ಲಿ ಸಂಭವ ಹೆಚ್ಚು. ಅಂದರೆ ಹೊರಗೆ ಬಂದ ರಕ್ತ ನೋಡಿ ಅಪಾಯ ಅಳೆಯಲು ಆಗುವುದಿಲ್ಲ. ಹಾಗೇ, ಪ್ಲಾಸೆಂಟಾ ಎಲ್ಲಿದೆ ಎಂದು ಸ್ಕ್ಯಾನ್‌ನಲ್ಲಿ ನೋಡದೆ ಯಾರೂ ಬೆರಳು ಹಾಕಿ ಪರೀಕ್ಷೆ ಮಾಡಬಾರದು. ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಬಾಗಿಲಲ್ಲೇ "ಪ್ಲಾಸೆಂಟಾ ಕೆಳಗಿದೆ" ಎಂದು ಹೇಳಿಬಿಡಿ.

ಕೆಂಪುಚುಕ್ಕಿ:
ಇಬ್ಬನಿ, ಎದೆಯೊಳಗೆ ರಕ್ತ ಎಂದು ಬರೆದದ್ದು ಓದಿ ಕೈ ನಡುಗಿತು. ನನಗೂ ಅದೇ ಆದದ್ದು. ಈ ಕಾಯಿಲೆಯ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಚಿಕ್ಕಂದಿನಿಂದ ನನಗೆ ಮೂಗಿನಿಂದ ರಕ್ತ ಬರುತ್ತಿತ್ತು. ಅಪ್ಪನಿಗೂ ಬರುತ್ತಿತ್ತು, ಅತ್ತೆಗೂ (ಅಪ್ಪನ ತಂಗಿ). ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಎಂದುಕೊಂಡಿರಲಿಲ್ಲ. ತುಟಿ, ನಾಲಿಗೆ, ಬೆರಳ ತುದಿಯಲ್ಲಿ ಸಣ್ಣ ಕೆಂಪು ಚುಕ್ಕಿಗಳಿವೆ, ಒತ್ತಿದರೆ ಮಾಯವಾಗಿ ಮತ್ತೆ ಬರುತ್ತವೆ. ಏಳನೇ ತಿಂಗಳಲ್ಲಿ ಒಂದು ದಿನ ಕೆಮ್ಮಿದಾಗ ರಕ್ತ ಬಂತು. ಮೊದಲು ನೋಡಿದವರು ಗಂಟಲು ಕೆರೆತ ಎಂದು ಕಳಿಸಿದರು. ಅದೇ ರಾತ್ರಿ ಎಡಪಕ್ಕೆಯಲ್ಲಿ ನೋವು, ಉಸಿರೇ ಎಳೆಯಲಾಗಲಿಲ್ಲ. ಶ್ವಾಸಕೋಶದ ಸುತ್ತ ರಕ್ತ ತುಂಬಿತ್ತು.

ಇದಕ್ಕೆ ಎಚ್‌ಎಚ್‌ಟಿ (ಹೆರಿಡಿಟರಿ ಹೆಮರಾಜಿಕ್ ಟೆಲಾಂಜಿಯೆಕ್ಟೇಸಿಯಾ) ಅನ್ನುತ್ತಾರೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಶುದ್ಧರಕ್ತದ ನಾಳಕ್ಕೂ ಅಶುದ್ಧರಕ್ತದ ನಾಳಕ್ಕೂ ನಡುವೆ ಇರಬೇಕಾದ ಸಣ್ಣ ನಾಳಗಳ ಜಾಲವೇ ಕೆಲವು ಕಡೆ ಇರುವುದಿಲ್ಲ. ಎರಡೂ ನೇರ ಸೇರಿಕೊಂಡು ತೆಳುವಾದ ಗಂಟಾಗುತ್ತವೆ. ಮೂಗಿನಲ್ಲಿದ್ದರೆ ಮೂಗಿನಿಂದ ರಕ್ತ. ಶ್ವಾಸಕೋಶದಲ್ಲಿದ್ದರೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಬಸುರಿನಲ್ಲಿ ಮೈಯ ರಕ್ತ 40–50 ಪರ್ಸೆಂಟ್ ಹೆಚ್ಚಿದಾಗ ಆ ಗಂಟು ದೊಡ್ಡದಾಗುತ್ತದೆ, ಒಡೆಯಬಹುದು. ಐದು ತಿಂಗಳಾದ ಮೇಲೆ ಅಪಾಯ ಜಾಸ್ತಿ. ಎಚ್‌ಎಚ್‌ಟಿ ಇರುವವರ ಬಸುರುಗಳಲ್ಲಿ ಹೆಚ್ಚಿನವು ಚೆನ್ನಾಗೇ ಮುಗಿಯುತ್ತವೆ. ಆದರೆ ನೂರಕ್ಕೆ ಸುಮಾರು ಒಂದರಲ್ಲಿ ತಾಯಿ ಉಳಿಯುವುದಿಲ್ಲ. ಕಾಯಿಲೆ ಮೊದಲೇ ಗೊತ್ತಿದ್ದವರು ಹೆಚ್ಚು ಬದುಕಿ ಉಳಿಯುತ್ತಾರೆ.

ನನಗೆ ತೊಡೆಸಂದಿಯ ನಾಳದ ಮೂಲಕ ಸಣ್ಣ ಕೊಳವೆ ಹಾಕಿ ಆ ಗಂಟಿಗೆ ಲೋಹದ ಸುರುಳಿ ತುಂಬಿ ಮುಚ್ಚಿದರು. ಮಗು ಹೊಟ್ಟೆಯಲ್ಲಿದ್ದಾಗಲೇ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೂ ಪರೀಕ್ಷೆ ಮಾಡಿಸುತ್ತಿದ್ದೇವೆ. ನನ್ನ ತಮ್ಮ ಮಾತ್ರ ಇವತ್ತಿಗೂ ಮಾಡಿಸಿಕೊಂಡಿಲ್ಲ, ಎಷ್ಟು ಹೇಳಿದರೂ ಕೇಳುವುದಿಲ್ಲ.

ಮುಂಗಾರು:
ಹಾಗಾದರೆ ಮೂಗಿನಿಂದ ರಕ್ತ ಬರುವವರೆಲ್ಲ ಹೆದರಬೇಕಾ? ನನಗೂ ಬಸುರಿನಲ್ಲಿ ಬಂದಿತ್ತಲ್ಲ.

ಕೆಂಪುಚುಕ್ಕಿ:
ಇಲ್ಲ ಅಕ್ಕಾ. ಬಸುರಿನಲ್ಲಿ ಮೂಗಿನ ಒಳಪದರ ಊದಿಕೊಳ್ಳುತ್ತದೆ, ಬಹಳ ಜನರಿಗೆ ಸ್ವಲ್ಪ ರಕ್ತ ಬರುತ್ತದೆ. ಬಸುರಾಗುವ ಮುಂಚಿನಿಂದಲೂ ಪದೇಪದೇ ಬರುತ್ತಿತ್ತಾ, ಮನೆಯಲ್ಲಿ ಬೇರೆಯವರಿಗೂ ಇದೆಯಾ, ತುಟಿ ಬೆರಳಲ್ಲಿ ಚುಕ್ಕಿ ಇದೆಯಾ ನೋಡಿ. ಇವೆಲ್ಲ ಸೇರಿದರೆ ಡಾಕ್ಟರಿಗೆ ಹೇಳಿ ಬಬಲ್ ಎಕೋ ಮಾಡಿಸಿ. ಕೈನಾಳಕ್ಕೆ ಸಣ್ಣ ಗುಳ್ಳೆಗಳಿರುವ ಸಲೈನ್ ಕೊಟ್ಟು ಹೃದಯದ ಸ್ಕ್ಯಾನ್ ಮಾಡುತ್ತಾರೆ. ಶ್ವಾಸಕೋಶ ಸೋಸುಬಟ್ಟೆಯ ಹಾಗೆ ಗುಳ್ಳೆಗಳನ್ನು ತಡೆಯಬೇಕು. ಕೆಲವು ಬಡಿತಗಳಾದ ಮೇಲೆ ಹೃದಯದ ಎಡಭಾಗದಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶದಲ್ಲಿ ಎಲ್ಲೋ ಅಡ್ಡದಾರಿ ಇದೆ ಎಂದು ಅನುಮಾನಪಟ್ಟು ಮುಂದಿನ ಪರೀಕ್ಷೆ ಮಾಡುತ್ತಾರೆ.

ಅರಿವಳಿಕೆ:
ಆಪರೇಷನ್ ಥಿಯೇಟರ್ ಕಡೆಯಿಂದ ಎರಡು ಮಾತು. ಕೆಂಪುಚುಕ್ಕಿ ಅವರು ಹೇಳಿದ ಆ ಹೆಚ್ಚುವರಿ ರಕ್ತ ಒಳ್ಳೆಯದೂ ಹೌದು, ಮೋಸವನ್ನೂ ಮಾಡುತ್ತದೆ. ಗರ್ಭಿಣಿಯ ಮೈಯಿಂದ ಒಂದು ಲೀಟರ್‌ಗಿಂತ ಜಾಸ್ತಿ ರಕ್ತ ಹೋದರೂ ಬಿಪಿ ಸರಿಯಾಗೇ ಕಾಣಬಹುದು. ಮೊದಲು ಏರುವುದು ನಾಡಿ. ಬಿಪಿ ಬಿದ್ದಾಗ ತುಂಬ ತಡವಾಗಿರುತ್ತದೆ. ತಿಂಗಳು ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ 500–700 ಮಿಲಿ ರಕ್ತ ಹರಿಯುತ್ತಿರುತ್ತದೆ. ಆ ವೇಗದಲ್ಲಿ ಹೊರಗೆ ಹೋದರೆ ಎಷ್ಟು ಹೊತ್ತು ಸಿಗುತ್ತದೆ, ನೀವೇ ಲೆಕ್ಕ ಹಾಕಿ.

ರಕ್ತಸ್ರಾವ ಮತ್ತು ಉಸಿರು ಎರಡೂ ಒಟ್ಟಿಗೆ ಕೈಕೊಡುವ ಇನ್ನೊಂದಿದೆ. ಗರ್ಭದ ನೀರಿನ ಅಂಶ ತಾಯಿಯ ರಕ್ತಕ್ಕೆ ಸೇರಿ ಮೈ ಅದಕ್ಕೆ ವಿಪರೀತವಾಗಿ ಪ್ರತಿಕ್ರಿಯಿಸುವುದು. ಹತ್ತಾರು ಸಾವಿರ ಹೆರಿಗೆಗೆ ಒಂದು. 1926ರಲ್ಲೇ ಮೊದಲ ವರದಿ ಬಂದಿದ್ದರೂ ಮುಂಚೆಯೇ ಪತ್ತೆ ಮಾಡುವ ಪರೀಕ್ಷೆ ಇವತ್ತಿಗೂ ಇಲ್ಲ. ಹೆರಿಗೆ ನೋವಿನ ಮಧ್ಯೆ ಅಥವಾ ಮಗು ಹೊರಬಂದ ಕೂಡಲೇ ಉಸಿರು ಸಿಕ್ಕುತ್ತಿಲ್ಲ ಅನ್ನುತ್ತಾಳೆ, ಏನೋ ಆಗುತ್ತಿದೆ ಎಂದು ಗಾಬರಿಯಾಗುತ್ತಾಳೆ, ಕುಸಿಯುತ್ತಾಳೆ. ಸ್ವಲ್ಪ ಹೊತ್ತಿಗೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋಗಿ ಎಲ್ಲ ಕಡೆಯಿಂದ ಸುರಿಯುತ್ತದೆ. ಇದಕ್ಕೆ ನಿರ್ದಿಷ್ಟ ಮದ್ದಿಲ್ಲ. ಉಸಿರಿಗೆ ಯಂತ್ರ, ಹೃದಯಕ್ಕೆ ಆಸರೆ, ಬಾಟಲಿ ಮೇಲೆ ಬಾಟಲಿ ರಕ್ತ. ಆದರೂ ಬದುಕುತ್ತಾರೆ, ತಯಾರಿರುವ ತಂಡದ ಕೈಯಲ್ಲಿ ಹಲವರು ಬದುಕುತ್ತಾರೆ. ಹೆರಿಗೆ ಕೋಣೆಯಲ್ಲಿ ಹೆಣ್ಣುಮಗಳು "ನಾನು ಸಾಯ್ತೀನಿ ಅನ್ಸುತ್ತೆ" ಅಂದರೆ ದಯವಿಟ್ಟು ಯಾರೂ ಗದರಿ ಸುಮ್ಮನಾಗಿಸಬೇಡಿ. ನಾಡಿ ಹಿಡಿದು ನೋಡಿ.

ಗರ್ಭಿಣಿಯ ಹೃದಯ ನಿಂತರೆ ಎದೆ ಒತ್ತುವುದರ ಜೊತೆಗೆ ಇನ್ನೊಬ್ಬರು ಹೊಟ್ಟೆಯನ್ನು ಕೈಯಿಂದ ಎಡಕ್ಕೆ ತಳ್ಳಿ ಹಿಡಿಯಬೇಕು. ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳವನ್ನು ಒತ್ತಿರುತ್ತದೆ. ಹೊಕ್ಕುಳ ಮಟ್ಟಕ್ಕೆ ಬೆಳೆದ ಬಸುರಾದರೆ, ನಾಲ್ಕು ನಿಮಿಷದಲ್ಲಿ ಹೃದಯ ಮರಳದಿದ್ದರೆ ಅಲ್ಲೇ ಮಗುವನ್ನು ಹೊರತೆಗೆಯುತ್ತಾರೆ. ಅದು ತಾಯಿಯನ್ನು ಉಳಿಸಲಿಕ್ಕೂ ಹೌದು.

ಕುತೂಹಲಿ:
ರಕ್ತ ನಿಲ್ಲಿಸಲು ಒಂದು ಇಂಜೆಕ್ಷನ್ ಇದೆ ಎಂದು ಓದಿದ್ದೆ. ಜಪಾನಿನ ಒಬ್ಬ ಮಹಿಳೆ ಕಂಡುಹಿಡಿದದ್ದು?

ಅರಿವಳಿಕೆ:
ಟ್ರಾನೆಕ್ಸಾಮಿಕ್ ಆಸಿಡ್. ಉಟಾಕೊ ಒಕಾಮೊಟೊ ಅವರು ಗಂಡನ ಜೊತೆ ಸೇರಿ ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಹೆರಿಗೆಯಲ್ಲಿ ಸಾಯುವ ಹೆಂಗಸರನ್ನು ಉಳಿಸಬೇಕೆಂಬುದೇ ಅವರ ಆಸೆ. ಆದರೆ ಆಗ ಪ್ರಸೂತಿ ವೈದ್ಯರು ಪ್ರಯೋಗಕ್ಕೆ ಒಪ್ಪಲಿಲ್ಲ. ಕೊನೆಗೆ 21 ದೇಶಗಳ 20,000 ಬಾಣಂತಿಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ. ಒಕಾಮೊಟೊ 2016ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಫಲಿತಾಂಶ ನೋಡಲು ಅವರಿರಲಿಲ್ಲ ಎಂದು ನನಗೆ ಈಗಲೂ ಬೇಸರವಾಗುತ್ತದೆ.

ತಿಳಿನೀರು:
ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಆದರೂ ಒಳ್ಳೆಯದಾಯಿತು, ಇದು ನನಗೆ ಗೊತ್ತೇ ಇರಲಿಲ್ಲ.

ಹೊಸಅಪ್ಪ:
ಹೆರಿಗೆಯಾದ ಮೇಲೂ ಹುಷಾರಾಗಿರಿ ಎಂದು ಯಾಕೆ ಯಾರೂ ಹೇಳುತ್ತಿಲ್ಲ? ನನ್ನ ಹೆಂಡತಿಗೆ ಸಿಸೇರಿಯನ್ ಆಗಿ ಮನೆಗೆ ಬಂದ ಮೇಲೆ ಎಡಗಾಲಿನ ಮೀನಖಂಡ ನೋಯಲು ಶುರುವಾಯಿತು. ಮಲಗಿ ಮಲಗಿ ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕಿ ಅಂದರು. ಒಂದು ಬೆಳಗ್ಗೆ ಬಚ್ಚಲಿಂದ ಬರುವಾಗ ಉಸಿರು ಸಿಗದೆ ಗೋಡೆ ಹಿಡಿದು ಕೂತಳು. ಕಾಲಿನ ನಾಳದಲ್ಲಿ ಕಟ್ಟಿದ ರಕ್ತದ ಗೆಡ್ಡೆ ಶ್ವಾಸಕೋಶಕ್ಕೆ ಹೋಗಿತ್ತು. ಬೇಗ ಹೋದದ್ದಕ್ಕೆ ಉಳಿದಳು.

ಹೆರಿಗೆವಾರ್ಡ್:
ಸರಿಯಾಗಿ ಹೇಳಿದಿರಿ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಾಲ್ಕೈದು ಪಟ್ಟು ಹೆಚ್ಚು. ಹೆರಿಗೆಯಾದ ಮೊದಲ ಆರು ವಾರ ಅದಕ್ಕಿಂತಲೂ ಹೆಚ್ಚು. ಬಹುಪಾಲು ಎಡಗಾಲಲ್ಲೇ ಆಗುತ್ತದೆ, ಆ ಕಡೆಯ ನಾಳ ಹೊಟ್ಟೆಯೊಳಗೆ ಒತ್ತಿಕೊಂಡಿರುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ. ಅವತ್ತೇ ಡಾಪ್ಲರ್ ಮಾಡಿಸಿ.

ಮುಂಗಾರು:
ಶ್ವಾಸಕೋಶಕ್ಕೆ ಹೋಗಿದೆಯಾ ನೋಡಲು ಸಿಟಿ ಸ್ಕ್ಯಾನ್ ಮಾಡುತ್ತಾರಂತೆ. ಹೊಟ್ಟೆಯಲ್ಲಿ ಮಗು ಇರುವಾಗ ಅದು ಹೇಗೆ ಸಾಧ್ಯ? ನಾನಂತೂ ಒಪ್ಪುವುದಿಲ್ಲ.

ಸ್ಕ್ಯಾನ್‌ಕೋಣೆ:
ಒಪ್ಪಬೇಕು. ಎದೆಯ ಸಿಟಿಯಲ್ಲಿ ಮಗುವಿಗೆ ತಗಲುವ ವಿಕಿರಣ 1 ಮಿಲಿಗ್ರೇಗಿಂತ ಕಡಿಮೆ. 50 ಮಿಲಿಗ್ರೇಗಿಂತ ಕೆಳಗೆ ಅಂಗದೋಷವಾಗಲಿ ಗರ್ಭಪಾತವಾಗಲಿ ಕಂಡುಬಂದಿಲ್ಲ. ಗುರುತಿಸದೆ ಬಿಟ್ಟ ಗೆಡ್ಡೆ ತಾಯಿಯನ್ನೂ ಮಗುವನ್ನೂ ಕೊಲ್ಲಬಹುದು. ಕಾಲಿನಲ್ಲೂ ಲಕ್ಷಣ ಇದ್ದರೆ ಮೊದಲು ಕಾಲಿನ ಡಾಪ್ಲರ್ ಮಾಡುತ್ತಾರೆ, ಅಲ್ಲೇ ಸಿಕ್ಕಿದರೆ ಸಿಟಿ ಬೇಡವೇ ಆಗಬಹುದು. ಚಿಕಿತ್ಸೆಗೆ ಕೊಡುವ ಹೆಪಾರಿನ್ ಇಂಜೆಕ್ಷನ್ ಪ್ಲಾಸೆಂಟಾ ದಾಟಿ ಮಗುವಿಗೆ ಹೋಗುವುದಿಲ್ಲ.

ಮುಂಗಾರು:
ಅಂಕಿ ಸಮೇತ ಹೇಳಿದ್ದಕ್ಕೆ ಸರಿ. ಡಾಕ್ಟರುಗಳೂ ಹೀಗೇ ಬಿಡಿಸಿ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಹಳೇಬಾಣಂತಿ:
ನನಗೆ ಆದದ್ದು ಹೃದಯದ್ದು. ಹೆರಿಗೆಯಾಗಿ ಕೆಲವು ವಾರಕ್ಕೆ ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂತರೆ ಸರಿ. ಎರಡೂ ಕಾಲು ಊತ, ವಿಪರೀತ ಸುಸ್ತು. ನಿದ್ದೆಗೆಟ್ಟು ಹೀಗಾಗಿದೆ ಎಂದೇ ಎಲ್ಲರೂ ಅಂದರು. ಎಕೋ ಮಾಡಿದಾಗ ಹೃದಯ ಹಿಗ್ಗಿ ಸೋತಿತ್ತು. ಬಸುರಿನ ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳ ತನಕ ಇದು ಬರಬಹುದಂತೆ. ಮಾತ್ರೆಯಲ್ಲೇ ಚೇತರಿಸಿಕೊಂಡೆ. ಇನ್ನೊಂದು ಮಗು ಬೇಡ ಎಂದು ಡಾಕ್ಟರು ಹೇಳಿದ್ದಾರೆ, ಆ ವಿಷಯಕ್ಕೆ ಮನೆಯಲ್ಲಿ ಇನ್ನೂ ಮಾತು ಕೇಳುತ್ತಿದ್ದೇನೆ.

ಕೆಂಪುಚುಕ್ಕಿ:
ಅಕ್ಕಾ, ಯಾರ ಮಾತಿಗೂ ಬಗ್ಗಬೇಡಿ. ಇರುವ ಮಗುವಿಗೆ ಅಮ್ಮ ಬೇಕು.

ಹೊಸಅಪ್ಪ:
ರಕ್ತದ ಗುಂಪಿನ ವಿಷಯವೂ ಸೇರಿಸಿ. ತಾಯಿ ನೆಗೆಟಿವ್ ಆಗಿದ್ದು ಬಸುರಿನಲ್ಲಿ ರಕ್ತ ಹೋದರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಕೊಡಬೇಕು ಅಲ್ವಾ? ಗಲಾಟೆಯಲ್ಲಿ ಎಲ್ಲರೂ ಮರೆಯುತ್ತಾರೆ.

ಅರಿವಳಿಕೆ:
ಹೌದು. ಗುಂಪಿನ ಕಾರ್ಡ್ ಫೈಲಿನ ಮೊದಲ ಪುಟದಲ್ಲೇ ಇರಲಿ. ಇನ್ನೊಂದು ಲಕ್ಷಣ ಬಿಟ್ಟುಹೋಗಿದೆ. ಹೊಟ್ಟೆನೋವಿನ ಜೊತೆ ಭುಜದ ತುದಿಯಲ್ಲಿ ನೋವು, ತಲೆಸುತ್ತು. ಹೊಟ್ಟೆಯೊಳಗೆ ರಕ್ತ ಸೋರಿ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ತಗಲಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲ ತಿಂಗಳುಗಳಲ್ಲಿ ಅಂಡನಾಳದಲ್ಲಿ ನಿಂತ ಬಸುರು ಒಡೆದಿರಬಹುದು. ಕೊನೆಯ ತಿಂಗಳುಗಳಲ್ಲಿ ಎಡಭುಜವಾದರೆ ಅಪರೂಪಕ್ಕೆ ಗುಲ್ಮದ (ಸ್ಪ್ಲೀನ್) ರಕ್ತನಾಳದ ಗುಳ್ಳೆ ಒಡೆದಿರಬಹುದು. ಬಲಪಕ್ಕೆಯ ಕೆಳಗೆ ಜೋರು ನೋವು, ಬಿಪಿ, ತಲೆನೋವು ಇದ್ದರೆ ಯಕೃತ್ತಿನ ತೊಂದರೆ. ಯಾವುದನ್ನೂ ಗ್ಯಾಸ್ ಎಂದು ಮಲಗಿಸಬೇಡಿ.

ಮಳೆಬಿಲ್ಲು:
ನನಗೆ ಮೊದಲಿಂದ ಅಸ್ತಮಾ ಇದೆ, ಈಗ ಮೂರು ತಿಂಗಳು. ಮಗುವಿಗೆ ತೊಂದರೆಯಾಗುತ್ತದೆ ಎಂದು ಇನ್‌ಹೇಲರ್ ನಿಲ್ಲಿಸಿದ್ದೇನೆ. ಸರೀನಾ?

ಹೆರಿಗೆವಾರ್ಡ್:
ಇವತ್ತೇ ಮತ್ತೆ ಶುರುಮಾಡಿ. ಬ್ಯೂಡೆಸೊನೈಡ್, ಸಾಲ್ಬ್ಯೂಟಮಾಲ್ ಎರಡೂ ಬಸುರಿನಲ್ಲಿ ಬಹಳ ವರ್ಷದಿಂದ ಬಳಕೆಯಲ್ಲಿವೆ. ಅಸ್ತಮಾ ಕೆರಳಿ ನಿಮಗೆ ಆಮ್ಲಜನಕ ಕಡಿಮೆಯಾದರೆ ಮಗುವಿಗೂ ಕಡಿಮೆಯಾಗುತ್ತದೆ. ನೀವು ಯಾವುದು ಎಳೆಯುತ್ತಿದ್ದಿರಿ, ಹೆಸರು ಹೇಳಿ. ನಾಳೆ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿಕೊಳ್ಳಿ.

ಮಳೆಬಿಲ್ಲು:
ಬ್ಯೂಡೆಸೊನೈಡ್ ಇರುವುದೇ. ಈಗಲೇ ಹುಡುಕಿ ತೆಗೆದಿಡುತ್ತೇನೆ, ಥ್ಯಾಂಕ್ಸ್ ಸಿಸ್ಟರ್.